ಕೂಸಿನ ಬಾಯಿ

ಮೊನ್ನೆ ಶಿಗ್ಗಾಂವಿ ಸಂತೆಯಲ್ಲಿ ಗಾಜಿನ ಲೋಟ ಮಾರುವವಳೊಬ್ಬಳು ಬುಟ್ಟಿಯೊಳಗಿನ ಭತ್ತದ ಹುಲ್ಲನ್ನು ಎತ್ತಿ ಝಾಡಿಸಿದಳು. ಒಣಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಲ್ಲಿ ನೀರೂರಿತು. ಹುಲ್ಲಿಗೆ ಬಾಯಲ್ಲಿ ನೀರೂರುವುದು ಎಮ್ಮೆಗೆ ಮಾತ್ರ ಎಂದು ನೀವು ನಗಬಹುದು. ನಗಿರಿ. ಹಾನಗಲ್ಲಿನ ನಮ್ಮ ಮನೆಯಲ್ಲಿ ಬೇಸಿಗೆಯೆಂದರೆ ಹುಲ್ಲು, ಹುಲ್ಲೆಂದರೆ ಅದರೊಳಗೆ ಸದ್ದಿಲ್ಲದೆ ಹಣ್ಣಾಗುತ್ತಿದ್ದ ಮಾವು. ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಒಂದು ಪದರ ಹುಲ್ಲು, ಅದರ ಮೇಲೆ ಆಪೂಸಿನ ಕಾಯಿ, ಮತ್ತೆ ಹುಲ್ಲು, ಹೀಗೆ ಮೊಣಕಾಲಮಟ್ಟ ಒಟ್ಟಿ ಗೋಣಿತಟ್ಟು ಹೊದಿಸುತ್ತಿದ್ದರು. ಇದಕ್ಕೆ ಅಡಿ ಹಾಕುವುದು ಎನ್ನುತ್ತಿದ್ದೆವು. ದಿನ ಕಳೆದಂತೆ ಕೋಣೆ ಬೆಚ್ಚಗಾಗಿ, ಹಾಸಿಗೆ, ಅಂಗಿ, ಕೊನೆಗೆ ತಿನ್ನುವ ರೊಟ್ಟಿಗೂ ಮಾವಿನ ಪರಿಮಳ ಹತ್ತಿಕೊಳ್ಳುತ್ತಿತ್ತು.

ಅಡಿಯ ಒಡತಿ ನೀಲವ್ವತ್ತಿ, ನಮ್ಮಪ್ಪನ ಅಕ್ಕ. ತೋಪು ಗುತ್ತಿಗೆ ಹಿಡಿಯುವುದು, ಕಾಯಿ ಇಳಿಸುವುದು ಅಪ್ಪನ ಕೆಲಸ. ಕಾಯಿ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅಪ್ಪನ ಆಟ ನಡೆಯುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆ ಕೋಣೆಗೆ ಕಾಲಿಟ್ಟವರಿಗೆ, ಅಪ್ಪನೇ ಇರಲಿ, ಸರಿಯಾಗಿ ಮಂಗಳಾರತಿ ಆಗುತ್ತಿತ್ತು. ಅತ್ತಿಯದೊಂದು ಕಟ್ಟಳೆಯಿತ್ತು. ಅಡಿ ಬಿಚ್ಚಿದ ದಿನ, ಹಣ್ಣು ಪೇಟೆಗೆ ಹೊರಡುವ ಮುಂಚೆ, ಮೊದಲ ಹಣ್ಣನ್ನು ಮನೆಯ ಎಲ್ಲರಿಗಿಂತ ಸಣ್ಣ ಕೂಸು ಎಲ್ಲರೆದುರು ತಿನ್ನಬೇಕು. ದೇವರ ಎಡೆಯೂ ಆಮೇಲೆ. “ನಮ್ಮ ಕೂಸು ತಿನ್ನಲಾರದ್ದನ್ನ ಮಂದಿ ಕೂಸಿಗೆ ಹೆಂಗ ಮಾರೂದು?” ಎನ್ನುತ್ತಿದ್ದಳು. ಆ ಶಾಸ್ತ್ರಕ್ಕೆ ‘ಕೂಸಿನ ಬಾಯಿ’ ಎಂದೇ ಹೆಸರಾಗಿತ್ತು, ಮತ್ತು ಆಗ ಮನೆಯ ಸಣ್ಣ ಕೂಸು ನಾನಾಗಿದ್ದೆ. ಸವಣೂರಿನಿಂದ ಟೆಂಪೊ ತರುತ್ತಿದ್ದ ಹಣ್ಣಿನ ವ್ಯಾಪಾರಿ ಮಾಬುಸಾಬ ಕೂಡ ನನ್ನ ಗಲ್ಲದ ಮೇಲೆ ರಸ ಇಳಿಯುವ ತನಕ ಒಂದು ಟ್ರೇಯನ್ನೂ ಮುಟ್ಟುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ರಾಣಿಯ ಹಾಗೆ ಕೂತು ಬೇಕೆಂದೇ ನಿಧಾನವಾಗಿ ತಿನ್ನುತ್ತಿದ್ದೆ.

ಒಂದು ವರ್ಷ ಅಡ್ಡಮಳೆ ಹಿಡಿಯಿತು. ಹವೆ ತಂಪಾಗಿ ಅಡಿಯೊಳಗೆ ಕಾವೇ ಏರಲಿಲ್ಲ. ಮನೆಮನೆಯಲ್ಲೂ ಮಾವಿನ ಸೀಕರಣೆ ಮಾಡುವ ಬಸವ ಜಯಂತಿ ಬಾಗಿಲಿಗೆ ಬಂದರೂ ನಮ್ಮ ಕಾಯಿ ಹಸಿರು ಬಿಡಲಿಲ್ಲ. ಹಬ್ಬದ ಪೇಟೆ ತಪ್ಪಿದರೆ ಆ ವರ್ಷದ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ಆ ಹೊತ್ತಿಗೇ ಅತ್ತಿ ನೆಂಟರ ಮದುವೆಗೆಂದು ಮಾಸೂರಿಗೆ ಹೋಗಿದ್ದಳು. ಅಪ್ಪ ಹುಬ್ಬಳ್ಳಿಯಿಂದ ಅದೇನೋ ಬೂದುಬಣ್ಣದ ಪುಡಿ ತಂದ. ಅದನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ಹುಲ್ಲಿನೊಳಗೆ ತುರುಕುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. “ಔಷಧ ಅದು, ಮುಟ್ಟಬ್ಯಾಡ” ಎಂದ. ಅದು ಕಾರ್ಬೈಡ್, ಕಾಯಿಗೆ ಬೇಗ ಬಣ್ಣ ಬರಿಸುವ ವಿಷ ಎಂದು ತಿಳಿಯಲು ನಾನು ದೊಡ್ಡವಳಾಗಬೇಕಾಯಿತು. ಪೇಟೆಯಲ್ಲಿ ಬಹಳ ಮಂದಿ ಹಾಕುತ್ತಿದ್ದರು. ಅಪ್ಪ ಕೆಟ್ಟವನಲ್ಲ, ಹೆದರಿದ್ದ. ಕೋಣೆಯಲ್ಲಿ ಬೆಳ್ಳುಳ್ಳಿ ಜಜ್ಜಿದಂಥ ವಾಸನೆ ಸುಳಿಯತೊಡಗಿತು. ಕಾಯಿಗಳೇನೋ ಅರಿಶಿನ ಬಳಿದ ಹಾಗೆ ಹಳದಿಯಾದವು. ಅಷ್ಟು ಚೆಂದದ ಬಣ್ಣ ನಮ್ಮ ಅಡಿಯಲ್ಲಿ ಎಂದೂ ಬಂದಿರಲಿಲ್ಲ.

ಟೆಂಪೊ ಬಂದ ಬೆಳಿಗ್ಗೆಯೇ ಅತ್ತಿಯೂ ಬಸ್ಸಿಳಿದು ಬಂದಳು. ಎಂದೂ ಇಲ್ಲದ ಅವಸರದಲ್ಲಿ ಅಪ್ಪ ತಾನೇ ಟ್ರೇಗಳನ್ನು ಏರಿಸುತ್ತಿದ್ದ. ಮಾಬುಸಾಬ ಮಾತ್ರ ಕೈಕಟ್ಟಿ ನಿಂತಿದ್ದ. “ಛಲೋ ಆತು ಅಕ್ಕಾರ, ಬಂದ್ರಿ. ನಿಮ್ಮ ತಮ್ಮಗ ಇವತ್ತ ಭಾಳ ಗಡಿಬಿಡಿ. ಕೂಸಿನ ಬಾಯಿ ಆಗ್ಲಿ ಮೊದ್ಲ” ಎಂದು ನಕ್ಕ. ಅತ್ತಿ ಒಂದು ಹಣ್ಣು ಎತ್ತಿಕೊಂಡಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಸೆರಗಿನಿಂದ ಒರೆಸಿ, ಪ್ರತಿ ವರ್ಷದ ಹಾಗೆ ನನಗೆ ಕೊಡದೆ, ಅಪ್ಪನ ಕೈಯಲ್ಲಿಟ್ಟಳು. “ತಗೋ ತಮ್ಮಾ, ಈ ಸಲ ನೀನ ತಿನಸು.”

ನಾನು ಬಾಯಿ ತೆರೆದು ನಿಂತೆ. ಅಪ್ಪನ ಕೈ ಮುಂದೆ ಬರಲಿಲ್ಲ. ಕಾದು ಸಾಕಾಗಿ ನಾನೇ ಹಣ್ಣನ್ನು ಕಸಿದುಕೊಂಡು ಬಾಯಿಗೆ ಒಯ್ದೆ. ಹಲ್ಲು ತಾಗುವ ಮುಂಚೆ ಅಪ್ಪ ನನ್ನ ಕೈಗೆ ಬಡಿದ. ಒಂದು ಗದರು ಮಾತೂ ಆಡದ ಅಪ್ಪ! ಹಣ್ಣು ಉರುಳಿ ಟೆಂಪೊದ ಗಾಲಿಯ ಹತ್ತಿರ ಹೋಗಿ ನಿಂತಿತು. “ಬ್ಯಾಡವ್ವಾ, ತಿನಬ್ಯಾಡ” ಎಂದವನ ದನಿ ಅವನದಾಗಿರಲಿಲ್ಲ. ನಾನು ಅಳುವುದನ್ನೇ ಮರೆತು ಅವನ ಮುಖ ನೋಡಿದೆ. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಮಾಬುಸಾಬನಿಗೂ ಹಬ್ಬದ ಗಿರಾಕಿಗಳು ಕಾದಿದ್ದರು. ಆದರೂ “ಇಳಸೂಣು ಬರ್ರಿ” ಎಂದಷ್ಟೇ ಹೇಳಿ ಟ್ರೇ ಇಳಿಸಲು ಟೆಂಪೊ ಹತ್ತಿದ. ಅತ್ತಿ ಬೈಯುತ್ತಾಳೆಂದು ನಾನು ಕಾದೆ. “ತಿಪ್ಪಿಗೆ ಹಾಕಬ್ಯಾಡ್ರಿ, ಎಮ್ಮಿ ಬಾಯಿ ಹಾಕ್ತಾವು. ಕುಣಿ ತಗೀರಿ” ಎಂದವಳೇ ಒಳಗಿನಿಂದ ಸಲಿಕೆ ತಂದುಕೊಟ್ಟಳು. ಹಿತ್ತಲಿನಲ್ಲಿ ಗುಂಡಿ ತೋಡಿ ಮೂವರೂ ಆ ಹೊಳೆಯುವ ಹಣ್ಣುಗಳನ್ನೆಲ್ಲ ಹೂತರು. ಮಾಬುಸಾಬ ಮಜ್ಜಿಗೆ ಕುಡಿದು ಖಾಲಿ ಟೆಂಪೊ ಹೊಡೆದುಕೊಂಡು ಹೋದ. ಆಮೇಲೆ ಅಪ್ಪ ನನ್ನನ್ನು ಬಚ್ಚಲಿಗೆ ಕರೆದೊಯ್ದು, ಹಣ್ಣು ಮುಟ್ಟಿದ ಕೈಯನ್ನು ಬೆರಳು ಬೆರಳು ಬಿಡಿಸಿ, ಎಷ್ಟೋ ಹೊತ್ತು ತೊಳೆದ.

ಪೇಟೆಯವರು ಅಪ್ಪನನ್ನು “ಏನ್ರೀ ಹರಿಶ್ಚಂದ್ರ” ಎಂದು ಬಹುಕಾಲ ಕಾಡಿಸಿದರು. ಅವರ ಹಳದಿ ಹಣ್ಣು ಆ ವರ್ಷವೂ ಖರ್ಚಾಯಿತು, ಯಾರೂ ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ವರ್ಷ ಹಬ್ಬಕ್ಕೆ ಬರೀ ಬೆಲ್ಲದ ಪಾಯಸ. ಎಷ್ಟೋ ವರ್ಷದ ಮೇಲೆ ಒಮ್ಮೆ ನಾನೇ ಕೇಳಿದೆ, ಪುಡಿ ಹಾಕುವಾಗ ಹೆದರದವನು ನನಗೆ ತಿನಿಸುವಾಗ ಯಾಕೆ ಹೆದರಿದೆ ಎಂದು. “ಅಲ್ಲೀತನಕ ಪ್ಯಾಟಿ ಕೂಸುಗಳು ನನ್ನ ಕಣ್ಣಿಗೆ ಬಿದ್ದಿದ್ದಿಲ್ಲವ್ವ. ನೀ ಬಾಯಿ ತಗದಿ ನೋಡು, ಎಲ್ಲಾ ಕಂಡ್ವು” ಎಂದ ಅಪ್ಪ.

ಈಗ ಆ ಮನೆಯಿಲ್ಲ. ತೋಪು ಕಡಿದು ಗೋವಿನಜೋಳ ಬಿತ್ತಿದ್ದಾರೆ. ಅತ್ತಿ ಹೋದಳು, ಮಾಬುಸಾಬ ಹೋದ, ಹೋದ ವರ್ಷ ಅಪ್ಪನೂ ಹೋದ. ಅವರನ್ನು ನೆನೆದರೆ ದುಃಖಕ್ಕಿಂತ ಮೊದಲು ಬೆರಗೇ ಬರುತ್ತದೆ. ನಾನು ಓದಿದೆ, ನೌಕರಿ ಹಿಡಿದೆ, ನನ್ನ ಮಾತಿಗೆ ನಾಲ್ಕು ಜನ ತಲೆದೂಗುವಂತೆಯೂ ಆಯಿತು. ಆದರೆ ನನ್ನ ಬಾಯಿಯೊಂದಕ್ಕಾಗಿ ಪೇಟೆಗೆ ಹೊರಟ ಟೆಂಪೊ ನಿಂತಿತ್ತಲ್ಲ, ಮೂವರು ದೊಡ್ಡವರು ತಮ್ಮ ಹಬ್ಬವನ್ನೇ ಮಣ್ಣಿನಲ್ಲಿ ಹೂತರಲ್ಲ, ಅಷ್ಟು ದೊಡ್ಡವಳು ನಾನು ಮತ್ತೆಂದೂ ಆಗಲಿಲ್ಲ.