ಪಾವಗಡದಲ್ಲಿ ಒದೆ ತಪ್ಪಿದ್ದು

ಶಿವರಾತ್ರಿ ಕಳೆದ ಮರುವಾರ, ಬೆಳಗಿನ ಮೊದಲ ಬಸ್ಸಿಗೆ ಕೊರಟಗೆರೆ ಬಿಟ್ಟೆ. ನಾನು ಹೊರಡುವ ಹೊತ್ತಿಗೆ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅದಕ್ಕೆ ಕಾರಣ ನನ್ನ ಹೆಂಡತಿ ಗೌರಮ್ಮ. ಸ್ವಲ್ಪ ದಿನದ ಹಿಂದೆ ಟಾಕಿ ಕಂಪನಿಯ ಏಜೆಂಟೊಬ್ಬ ನಮ್ಮ ಮನೆಗೆ ಬಂದು, "ಪಾವಗಡದ ಬೆಟ್ಟದ ಮೇಲೆ ನಮ್ಮ ಚಿತ್ರದ ಕೆಲಸ ನಡೀತಾ ಇದೆ, ನಿಮಗೊಂದು ಮಂತ್ರಿ ಪಾರ್ಟು ಇದೆ" ಎಂದು ಹೇಳಿ, ಕಾಫಿ ಕುಡಿದು ಹೋಗಿದ್ದ. ಅವನು ಬೀದಿಯ ತಿರುವು ದಾಟುವ ಮೊದಲೇ ಗೌರಮ್ಮ ಆ ಸುದ್ದಿಯನ್ನು ಎದುರುಮನೆಗೆ ಮುಟ್ಟಿಸಿದ್ದಳು. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಕಂಡವರೆಲ್ಲ "ಏನ್ ಮಂತ್ರಿಗಳೇ" ಎಂದು ಕೈಮುಗಿಯತೊಡಗಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ನನ್ನ ಹೆಸರು ಮರುಳಯ್ಯ. ಊರೂರು ತಿರುಗುವ ನಾಟಕದ ಕಂಪನಿಗಳಲ್ಲಿ ಹುಡುಗುತನದಿಂದ ಬಣ್ಣ ಹಚ್ಚುತ್ತಾ ಬಂದವನು. ಎತ್ತರ ಮೂರಡಿ, ಮೇಲೆ ಸ್ವಲ್ಪ. ಆ ಸ್ವಲ್ಪವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ನನ್ನಂಥ ಆಳಿಗೆ ಕಂಪನಿಗಳಲ್ಲಿ ಇರುವುದು ಎರಡೇ ಪಾರ್ಟು. ಒಂದು ವಾಮನಮೂರ್ತಿ. ಅದು ಯಾವಾಗಲಾದರೂ ಒಮ್ಮೆ, ಆ ಪಾರ್ಟು ಕಲಿತ ಬಾಲಕನಿಗೆ ಜ್ವರ ಬಂದರೆ ಮಾತ್ರ. ಇನ್ನೊಂದು ಅರಮನೆಯ ವಿದೂಷಕ; ಅದು ಉಳಿದ ದಿನವೆಲ್ಲ. ಮೊದಲನೆಯದರಲ್ಲಿ ಜನ ನನ್ನ ಕಾಲಿಗೆ ಬೀಳುತ್ತಾರೆ. ಎರಡನೆಯದರಲ್ಲಿ ರಾಜ ನನ್ನನ್ನು ಒದೆಯುತ್ತಾನೆ, ಜನ ಬಿದ್ದು ಬಿದ್ದು ನಗುತ್ತಾರೆ. ಒದೆ ನೋಯದ ಹಾಗೆ ಮಾಡಿಕೊಳ್ಳಲು ಉಪಾಯವಿದೆ. ಕಾಲು ತಾಗುವ ಮುಂಚೆ ನಾವೇ ಹಾರಿಬಿಡಬೇಕು. ನಗುವಿಗೆ ಅಂಥ ಉಪಾಯ ನನಗೆ ಸಿಕ್ಕಿರಲಿಲ್ಲ. ದೇವರೂ ಅಲ್ಲದ, ಕೋಡಂಗಿಯೂ ಅಲ್ಲದ, ರಾಜನ ಪಕ್ಕ ನಿಂತು ನಾಲ್ಕು ಮಾತು ಬುದ್ಧಿ ಹೇಳುವ ಒಂದು ಪಾರ್ಟು ಸಾಯುವುದರೊಳಗೆ ಸಿಗಬೇಕು ಎಂಬುದು ನನ್ನ ಆಸೆಯಾಗಿತ್ತು. ಆದ್ದರಿಂದ ಬಸ್ಸು ಹತ್ತುವಾಗ ಗೌರಮ್ಮನಿಗಿಂತ ನಾನೇ ಹೆಚ್ಚು ಉಬ್ಬಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಯುದ್ಧ ಮುಗಿದಿದ್ದರೂ ನಮ್ಮ ಕಡೆಯ ಬಸ್ಸುಗಳಿಗೆ ಪೆಟ್ರೋಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಹಿಂದುಗಡೆ ಒಂದು ಪೀಪಾಯಿ, ಅದರಲ್ಲಿ ಇದ್ದಲು, ಅದರ ಗ್ಯಾಸಿನಿಂದ ಓಡುವ ಬಸ್ಸು. ಮಧುಗಿರಿಗೆ ಹನ್ನೆರಡು ಮೈಲಿ, ಚಾರ್ಜು ಆರಾಣೆ. ಮುಂದಿನ ಸೀಟಿನಲ್ಲಿ ಕೂತ ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲವಾದ್ದರಿಂದ, ಒಬ್ಬ ಹೆಂಗಸು ತನ್ನ ಕೋಳಿಬುಟ್ಟಿಯನ್ನು ಅಲ್ಲಿಗೆ ತಳ್ಳಿ, "ಜಾಗ ಖಾಲಿ ಐತಲ್ಲಣ್ಣ, ಒಸಿ ನೋಡ್ಕಳಪ್ಪ" ಎಂದಳು. ಹೊಸ ಮಂತ್ರಿಗೆ ಸಿಕ್ಕ ಮೊದಲ ಖಾತೆ ಅದು. ಒಂದು ಏರಿನಲ್ಲಿ ಬಸ್ಸು ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಬೇಕಾಯಿತು. "ನೀನ್ ಕುಂತ್ಕೊ ಬುಡಣ್ಣ, ನಿಂದೇನ್ ಭಾರ" ಎಂದ ಕಂಡಕ್ಟರು. ನಾನೂ ಇಳಿದು ತಳ್ಳಿದೆ. ಬಸ್ಸು ಹೊರಟಿತು, ನನ್ನಿಂದಲೇ ಹೊರಟಿತೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಮಧುಗಿರಿಯಲ್ಲಿ ಹೋಟೆಲಿಗೆ ಹೋಗಿ ಇಡ್ಲಿ, ಕಡಲೆಕಾಯಿ ಚಟ್ನಿ ತಿಂದೆ. ಹೊರಗೆ ಏಕಶಿಲೆಯ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಬೀದಿಗೆಲ್ಲ ಅದರದೇ ಝಳ. ಮಧ್ಯಾಹ್ನ ಪಾವಗಡದ ಬಸ್ಸು ಸಿಕ್ಕಿತು. ಮಿಡಿಗೇಶಿಯಲ್ಲಿ ಎಳನೀರಿಗಾಗಿ ಹುಡುಕಿ ಮಜ್ಜಿಗೆಗೆ ತೃಪ್ತಿಪಟ್ಟೆವು. ಅಲ್ಲಿಂದಾಚೆ ರಸ್ತೆ ಮಹಾರಾಜರ ಸೀಮೆಯನ್ನು ಬಿಟ್ಟು ಒಂದಷ್ಟು ದೂರ ಬ್ರಿಟಿಷರ ಸೀಮೆಯಲ್ಲಿ ಹೋಗಿ, ಮತ್ತೆ ನಮ್ಮ ಸೀಮೆಗೆ ಬರುತ್ತದೆ. ಎರಡು ಸರ್ಕಾರಗಳ ಹಳ್ಳಕ್ಕೂ ನನ್ನ ಸೊಂಟ ಒಂದೇ ರೀತಿ ನೊಂದಿತು. ಬಸ್ಸಿನಲ್ಲಿ ಮಾತು ಸ್ವಲ್ಪಸ್ವಲ್ಪವಾಗಿ ಕನ್ನಡದಿಂದ ತೆಲುಗಿಗೆ ಜಾರುತ್ತಾ ಬಂತು. ಹೊತ್ತು ಮುಳುಗುವುದರೊಳಗೆ ಪಾವಗಡ ಸೇರಿ, ಕಂಪನಿಯವರು ಹೇಳಿದ್ದ ಛತ್ರದಲ್ಲಿ ಚಾಪೆ ಹಾಸಿಕೊಂಡೆ.

ಮಾರನೆಯ ಬೆಳಿಗ್ಗೆ ಬೆಟ್ಟ ಹತ್ತಿದೆ. ಮೊದಲ ಕೋಟೆಬಾಗಿಲಿನ ಹತ್ತಿರ ಕ್ಯಾಮರಾ, ಬೆಳಕು ತಿರುಗಿಸುವ ತಗಡಿನ ಹಲಗೆಗಳು, ಧ್ವನಿ ಹಿಡಿಯುವ ಯಂತ್ರ, ಎಲ್ಲ ಹರಡಿದ್ದವು. ಊರಿನ ಗಂಡಸರು, ಹೆಂಗಸರು ನಲವತ್ತು ಐವತ್ತು ಜನ ಕೂಲಿಗೆ ಬಂದಿದ್ದರು. ಗಂಡಸರ ಕೈಗೆ ಈಟಿ, ಹೆಂಗಸರ ಕೈಗೆ ಆರತಿ ತಟ್ಟೆ. ವೇಷದ ಬಟ್ಟೆಯವನು ನನ್ನನ್ನು ಕಂಡವನೇ ಒಳಗೆ ಹೋಗಿ ಗೆಜ್ಜೆ ಕಟ್ಟಿದ ಚೂಪು ಟೋಪಿಯೊಂದನ್ನು ತಂದ.

"ಮಂತ್ರಿಗೆ ಇದೆಂಥ ಟೋಪಿ?" ಎಂದೆ.

"ಮಂತ್ರಿ ಯಾರು ಸಾರ್, ನೀವು ವಿದೂಷಕ ಅಲ್ವಾ?" ಎಂದ.

ಕಾಲ ಕೆಳಗಿನ ಬಂಡೆಯೇ ಜಾರಿದ ಹಾಗಾಯಿತು. ಡೈರೆಕ್ಟರನ್ನು ಹುಡುಕಿಕೊಂಡು ಹೋದೆ. ಮಂಗಳೂರಿನ ಕಡೆಯವರು, ಕೆಟ್ಟವರಲ್ಲ. ನನ್ನನ್ನು ಕೂರಿಸಿ ಸಮಾಧಾನವಾಗಿಯೇ ಹೇಳಿದರು: "ಮರುಳಯ್ಯನವರೇ, ಏಜೆಂಟ್ರು ನಿಮಗೆ ಏನು ಹೇಳಿದರೋ ನಾನರಿಯೆ. ಮಂತ್ರಿ ಪಾತ್ರ ಮದರಾಸಿನಲ್ಲೇ ಮುಗಿದಿದೆ. ಇಲ್ಲಿ ರಾಜ ಯುದ್ಧ ಗೆದ್ದು ಬೆಟ್ಟ ಹತ್ತುತ್ತಾನೆ, ನೀವು ಅಡ್ಡ ಬರುತ್ತೀರಿ, ಅವನು ಒದೆಯುತ್ತಾನೆ, ನೀವು ಉರುಳುತ್ತೀರಿ, ಜನ ನಗುತ್ತಾರೆ. ನೋಡುವವರು ಸ್ವಲ್ಪ ನಗಬೇಕಲ್ಲ."

ವಾಪಸು ಹೋಗಿಬಿಡೋಣ ಎನಿಸಿತು. ಆದರೆ ಹೋಗಿ ಮಾಡುವುದೇನು? ನನ್ನ ಅಳತೆಗೆ ಬೇರೆ ಪಾರ್ಟು ಬರೆದಿಟ್ಟುಕೊಂಡು ಯಾರೂ ಕಾಯುತ್ತಿರಲಿಲ್ಲ. ನಾಟಕದ ಒದೆಯಾದರೆ ಆ ಊರಿನ ಆ ದಿನಕ್ಕೆ ಮುಗಿಯಿತು. ಟಾಕಿಯ ಒದೆ ಊರೂರಿನ ಟೆಂಟಿನಲ್ಲಿ ದಿನಾ ಬೀಳುತ್ತದೆ. ಚಿತ್ರ ತುಮಕೂರಿಗೆ ಬಂದಾಗ ನಮ್ಮ ಬೀದಿಯವರು ಗಾಡಿ ಕಟ್ಟಿಕೊಂಡು ಹೋಗಿ ನೋಡುತ್ತಾರೆ, ಮುಂದಿನ ಸಾಲಿನಲ್ಲಿ ಗೌರಮ್ಮ ಕೂತಿರುತ್ತಾಳೆ. ಆದರೂ ಟೋಪಿ ಹಾಕಿಕೊಂಡೆ. ಗೆಜ್ಜೆ ಸದ್ದಾಯಿತು.

ಮೊದಲು ಅಭ್ಯಾಸಕ್ಕೆಂದು ಒಂದು ಸಲ ಮಾಡಿದೆವು. ರಾಜನ ಪಾರ್ಟಿನವರು ಕಾಲೆತ್ತಿದರು, ನಾನು ಹಾರಿ ಬಿದ್ದು ಉರುಳಿದೆ. ಯಾರೂ ನಗಲಿಲ್ಲ. "ನಗ್ರಯ್ಯಾ" ಎಂದು ಡೈರೆಕ್ಟರ ಸಹಾಯಕ ಕೂಗಿದ. ಎರಡನೆಯ ಸಲ ಮಾಡಿದೆವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ "ಅವ್ನೇ ಕಣ್ಲಾ" ಎಂದದ್ದು ನನ್ನ ಕಿವಿಗೆ ಬಿತ್ತು. ಮೂರನೆಯ ಸಲಕ್ಕೆ ಗಂಡಸರು ಈಟಿಗಳನ್ನು ಗೋಡೆಗೆ ಒರಗಿಸಿ ಕೂತೇಬಿಟ್ಟರು. ಹೆಂಗಸರೂ ತಟ್ಟೆ ಕೆಳಗಿಟ್ಟರು.

ನನಗೆ ಕಾರಣ ಹೊಳೆಯಿತು ಎಂದುಕೊಂಡೆ. ಮೂರು ವರ್ಷದ ಹಿಂದೆ ನಮ್ಮ ಕಂಪನಿ ಪಾವಗಡದಲ್ಲಿ ಮೊಕ್ಕಾಂ ಮಾಡಿದ್ದಾಗ ನಾನು ಒಂದು ದಿನ ವಾಮನನಾಗಿದ್ದೆ. ಬಣ್ಣ ಅಳಿಸಿದ ಮೇಲೂ ಜನ ಬಂದು ಕಾಲಿಗೆ ಬಿದ್ದಿದ್ದರು. "ಇವರಿಗೆ ನಾನು ದೇವರ ಪಾರ್ಟಿನವನು, ಒದೆಯುವುದನ್ನು ನೋಡಲಾರರು" ಎಂದು ಡೈರೆಕ್ಟರಿಗೆ ಹೇಳಿದೆ. ಅವರು ಕೂತಿದ್ದವರ ಹತ್ತಿರ ಹೋಗಿ, "ಇದು ಬೇರೆ ಕಥೆ, ಇವರು ಇದರಲ್ಲಿ ದೇವರಲ್ಲ" ಎಂದು ತಿಳಿಸಿ ಹೇಳಿದರು.

ಅರವತ್ತು ದಾಟಿದ ಹೆಂಗಸೊಬ್ಬಳು ಎದ್ದು ನಿಂತಳು. ಹೆಸರು ಓಬಳಮ್ಮ ಎಂದು ಆಮೇಲೆ ತಿಳಿಯಿತು. ಅವಳ ತೆಲುಗು ಬೆರೆತ ಮಾತು ಡೈರೆಕ್ಟರಿಗೆ ಅರ್ಥವಾಗಲಿಲ್ಲ. "ಏನಂತೆ?" ಎಂದು ನನ್ನನ್ನೇ ಕೇಳಿದರು. ಹೀಗೆ ನನ್ನ ವಿಷಯದ ಪಂಚಾಯಿತಿಗೆ ನಾನೇ ದುಭಾಷಿಯಾದೆ.

"ದೇವ್ರು ಕಾದು ಸಾಮಿ," ಎಂದಳು ಓಬಳಮ್ಮ. "ದೇವ್ರು ಅಲ್ಲ ಅಂತ ನಮ್ಗೂ ಗೊತ್ತು. ಯೇಸ ಆಕ್ಕಂಡಿದ್ದ, ನೋಡಿದ್ವಿ. ಆವಾಗ ವಾರಗಟ್ಲೆ ಮಳೆ ಇಡ್ಕಂತು, ಡ್ರಾಮಾ ನಿಂತೋಯ್ತು. ಇವ್ರ ಅಡಿಗೆ ಒಲೆ ಆರೋಯ್ತು. ಮನೀಗೊಬ್ರು ಅಂತ ಅಂಚ್ಕಂಡು ಊಟಕ್ಕೆ ಇಕ್ಕಿದ್ವಿ."

ಅದು ನಿಜ. ಈ ಕಡೆಯ ಊರುಗಳಲ್ಲಿ ಆ ಪದ್ಧತಿ ಉಂಟು. ಬಂದ ಕಂಪನಿಗೆ ಕಲೆಕ್ಷನ್ ಬೀಳದೆ ಕಷ್ಟವಾದರೆ, ಬೀದಿಯ ಹಿರಿಯರು ನಟರನ್ನು ಮನೆಗೊಬ್ಬರಂತೆ ಹಂಚಿಕೊಂಡು, ಮಳೆ ಬಿಡುವವರೆಗೆ ಎರಡು ಹೊತ್ತು ಊಟ ಹಾಕುತ್ತಾರೆ. ನನ್ನನ್ನು ಒಂದು ಮನೆಯವರು ಕರೆದುಕೊಂಡಿದ್ದರು. ಈಕೆಯನ್ನು ನೋಡಿದ ನೆನಪಿರಲಿಲ್ಲ.

"ನಿಮ್ಮ ಮನೆಯಲ್ಲಿ ಉಂಡಿದ್ದೆನಾ ತಾಯಿ?" ಎಂದೆ.

"ನಮ್ಮನ್ಯಾಗಲ್ಲಪ್ಪ. ಪಕ್ಕದ್ ಮನ್ಯಾಗೆ. ಅದೇನ್ ಬ್ಯಾರೇನಾ?" ಎಂದವಳು ಡೈರೆಕ್ಟರ ಕಡೆ ತಿರುಗಿದಳು. "ನಮ್ ಬೀದ್ಯಾಗೆ ಉಂಡೋನು ಸಾಮಿ ಈಯಪ್ಪ. ಅಂತೋನ್ನ ನಮ್ ಕಣ್ಮುಂದೆ ಒದ್ದು, ನೀವ್ ನಗ್ರಿ ಅಂದ್ರೆ ಹೆಂಗ್ ನಗಾದು? ನಿಮ್ ಕೂಲಿ ನೀವೇ ಇಟ್ಕಳ್ರಿ."

ಇದನ್ನು ನಾನು ಡೈರೆಕ್ಟರಿಗೆ ಹೇಳಬೇಕಾಗಿತ್ತು. ಒಂದು ಮಾತೂ ಬಿಡದೆ ಹೇಳಿದೆ. ಇಷ್ಟು ವರ್ಷ ಜನರ ಕಣ್ಣಿನಲ್ಲಿ ನಾನು ದೇವರೋ ಕೋಡಂಗಿಯೋ ಎಂದು ಲೆಕ್ಕ ಹಾಕುತ್ತಾ ತಿರುಗಿದವನು. ಪಾವಗಡದ ಒಂದು ಬೀದಿಯಲ್ಲಿ ನಾನು ಉಂಡು ಹೋದ ನೆಂಟನಾಗಿದ್ದೆ, ಅದು ನನಗೇ ಗೊತ್ತಿರಲಿಲ್ಲ. ಆ ಜನಕ್ಕೆ ಅಲ್ಲೇ ಬಿಸಿಲಲ್ಲಿ ನಿಂತು ಕೈಮುಗಿದೆ. ಯಾಕೆ ಕೈಮುಗಿಯುತ್ತಿದ್ದಾನೆ ಎಂಬಂತೆ ಅವರು ನೋಡಿದರು.

ಹೊತ್ತು ಇಳಿಯುತ್ತಿತ್ತು, ಮುಗಿದ ಯುದ್ಧದ ದೆಸೆಯಿಂದ ಫಿಲ್ಮು ಸಿಗುವುದು ಇನ್ನೂ ಕಷ್ಟ, ಇನ್ನೊಂದು ದಿನ ನಿಲ್ಲುವ ಹಾಗೂ ಇರಲಿಲ್ಲ. ಡೈರೆಕ್ಟರು ಹತ್ತಿರ ಬಂದು ನನ್ನ ಟೋಪಿಯನ್ನು ತಾವೇ ತೆಗೆದು ಬಟ್ಟೆಯವನ ಕೈಗೆ ಕೊಟ್ಟರು. "ಒದೆ ಬೇಡ. ರಾಜ ಬರುತ್ತಾನೆ, ಊರಿನ ಹಿರಿಯರಾಗಿ ನೀವು ಎದುರು ನಿಲ್ಲುತ್ತೀರಿ. ಏನು ಹೇಳುತ್ತೀರಿ?" ಎಂದರು.

ನನಗೆ ಯೋಚಿಸಬೇಕಾಗಲಿಲ್ಲ. "ಪ್ರಭು, ಈ ಊರಿನವರು ನಿಮ್ಮ ದಂಡಿಗೆ ಅನ್ನ ಇಕ್ಕಿದವರು. ಇವರು ಉಂಡಿದ್ದಾರೋ ಇಲ್ಲವೋ ಕೇಳಿ, ಆಮೇಲೆ ಬೆಟ್ಟ ಹತ್ತಿ" ಎಂದೆ.

"ಅದೇ ಇರಲಿ" ಎಂದರು.

ಆಗ ಇನ್ನೊಂದು ತೊಡಕು ಬಂತು. ಕ್ಯಾಮರಾ ನಿಲ್ಲಿಸಿದ್ದು ರಾಜನ ಎತ್ತರಕ್ಕೆ. ಅದರಲ್ಲಿ ನಾನು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತಂತೆ. ನನ್ನನ್ನು ಪೆಟ್ಟಿಗೆಯ ಮೇಲೆ ನಿಲ್ಲಿಸೋಣ ಎಂದ ಸಹಾಯಕ. ಕ್ಯಾಮರಾದವರು ಬೇಡವೆಂದು, ಅದರ ಮೂರು ಕಾಲನ್ನೂ ಅಗಲಿಸಿ ನನ್ನ ಮುಖದ ಮಟ್ಟಕ್ಕೆ ಇಳಿಸಿದರು. ಈಗ ರಾಜನ ತಲೆ ಕಾಣದಾಯಿತು. ರಾಜರು ಗೊಣಗುತ್ತಾ ಮೆಟ್ಟಿಲ ಮೇಲೆ ಕೂತರು. ಹಾಗೆ, ಕೂತ ರಾಜನಿಗೆ ನಿಂತು ಬುದ್ಧಿ ಹೇಳಿದೆ. ಜನಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ನನ್ನ ಮಾತು ಮುಗಿದಾಗ ಅವರಾಗಿಯೇ "ಅವುನು, ಅವುನು" ಎಂದು ತಲೆಯಾಡಿಸಿದರು. ಒಂದೇ ಸಲಕ್ಕೆ ಮುಗಿಯಿತು.

ಸಂಜೆ ಓಬಳಮ್ಮನ ಮನೆಯಲ್ಲಿ ರಾಗಿಮುದ್ದೆ, ಹುರುಳಿಸಾರು. ಪಕ್ಕದ ಮನೆಯವರೂ ಬಂದು, ನಮ್ಮನ್ನು ಮರೆತೆಯಾ ಎಂದು ತಕರಾರು ತೆಗೆದು, ಒಂದು ಬಟ್ಟಲು ಮೊಸರು ಇಟ್ಟು ಹೋದರು. "ಅಷ್ಟ್ ಜನದ್ ಮುಂದೆ ಅಷ್ಟ್ ದೊಡ್ಡ ಮಾತಾಡ್ದೆ, ಉಣ್ಣಾಕ್ಯಾಕಪ್ಪ ನಾಚ್ಕೆ" ಎಂದು ಓಬಳಮ್ಮ ಎರಡನೆಯ ಮುದ್ದೆ ಹಾಕಿದಳು.

ಮರುದಿನ ಕಂಪನಿಯ ಲಾರಿ ಸಿರಾ ಮಾರ್ಗವಾಗಿ ಬೆಂಗಳೂರಿಗೆ ಹೊರಟಿತ್ತು. ನನ್ನನ್ನು ಅಲ್ಲಿ ಇಳಿಸಿತು. ಮಧುಗಿರಿಯ ಬಸ್ಸಿಗೆ ಕಾಯುತ್ತಾ ಸಾಹೇಬರೊಬ್ಬರ ಚಹಾದಂಗಡಿಯಲ್ಲಿ ಕೂತೆ. ನಾಟಕದ ಹುಚ್ಚಿನ ಮನುಷ್ಯ. ನನ್ನ ಗುರುತು ಹಿಡಿದು ಕಥೆಯೆಲ್ಲ ಕೇಳಿ, "ಖುಷಿ ಆಯ್ತು ಭಾಯ್. ಮಗರ್ ಮದ್ರಾಸ್ನಾಗೆ ಕತ್ರಿ ಆಕ್ತಾರೆ. ನಿಮ್ದು ಉಳೀತದೋ ಇಲ್ವೋ, ಭರೋಸಾ ಇಲ್ಲ" ಎಂದರು. ಅದೂ ನಿಜವೇ. ಆದರೆ ಆ ಮಾತಿಗೆ ನನಗೆ ದಿಗಿಲಾಗಲಿಲ್ಲ. ಕತ್ತರಿಸಿದರೆ ಫಿಲ್ಮು ಕತ್ತರಿಸಬಹುದು, ನನಗೆ ಸಿಗಬೇಕಾದ್ದು ಸಿಕ್ಕಾಗಿತ್ತು. ಅವರು ಚಹಾದ ಕಾಸು ತೆಗೆದುಕೊಳ್ಳಲಿಲ್ಲ.

ಕೊರಟಗೆರೆ ಮುಟ್ಟಿದಾಗ ಗೌರಮ್ಮ ಜಗಲಿಯ ಮೇಲೆ ಕೂತಿದ್ದಳು. "ಮಂತ್ರಿ ಪಾರ್ಟ್ ಕೊಟ್ರಾ?" ಎಂದಳು. ಇಲ್ಲವೆಂದೆ. ಅವಳ ಮುಖ ಬಾಡುವುದರೊಳಗೆ ಎಲ್ಲವನ್ನೂ ಹೇಳಿದೆ: ಟೋಪಿ, ಒದೆ, ಈಟಿ ಒರಗಿಸಿದ್ದು, ಓಬಳಮ್ಮ ಹೇಳಿದ್ದು. ಅವಳು ಟಾಕಿಯ ಬಗ್ಗೆ ಏನೂ ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆಯಮ್ಮಂಗೆ ನಮ್ಮನೆ ಎಲ್ಲೈತೆ ಅಂತ ಹೇಳಿ ಬಂದ್ರಾ?" ಎಂದಳು.

ಹೇಳಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಪಾವಗಡದ ಆ ಬೀದಿಯವರು ಯಾರೇ ಆಗಲಿ, ಯಾವ ಕೆಲಸಕ್ಕೇ ಆಗಲಿ ಕೊರಟಗೆರೆಗೆ ಬಂದರೆ, ಬಸ್ಸು ಇಳಿದು 'ಕುಳ್ಳ ಮರುಳಯ್ಯನ ಮನೆ' ಎಂದು ಕೇಳಬೇಕು. ಹಾಗೆ ಕೇಳಿದರೆ ನನಗೇನೂ ಬೇಜಾರಿಲ್ಲ. ಯಾರು ಬೇಕಾದರೂ ತೋರಿಸುತ್ತಾರೆ. ಉಂಡುಕೊಂಡೇ ಹೋಗಬೇಕು.