ರಕ್ತ ಕೊಡುವ ಬೆಟ್ಟಯ್ಯ
ರಾಜಾಜಿನಗರದ ಕಾರ್ಖಾನೆಗಳಲ್ಲಿ ಯಾರಿಗೆ ರಕ್ತ ಬೇಕಾದರೂ ಮೊದಲು ಓಡುವವನು ಲೇತ್ ಕೆಲಸದ ಬೆಟ್ಟಯ್ಯ. ಮುಷ್ಕರದಲ್ಲಿ ಯಾರದೋ ತಲೆಗೆ ಲಾಠಿ ಬಿತ್ತೆಂದರೆ, ಪೆಟ್ಟು ತಿಂದವನು ಬರುವ ಮೊದಲೇ ಇವನು ಆಸ್ಪತ್ರೆಯಲ್ಲಿ ತೋಳು ಚಾಚಿ ಮಲಗಿರುತ್ತಾನೆ. ಆಮೇಲೆ ನರ್ಸು ಬಿಸ್ಕತ್ತು ಕೊಟ್ಟರೆ, "ಅದು ಕಾಯ್ಲೆಯವ್ರಿಗಿರ್ಲಿ ಬಿಡಮ್ಮ" ಎಂದು ಮುದ್ದೆ ಹೋಟೆಲಿಗೆ ನಡೆಯುತ್ತಾನೆ. ನೆಗಡಿಯಾದವರನ್ನು ಕಂಡರೆ ಅವನಿಗೆ ಮ್ಯಾನೇಜರನ್ನು ಕಂಡಷ್ಟೇ ತಾತ್ಸಾರ. ಹೋದ ತಿಂಗಳು ಡಾಕ್ಟರು ಹೊಸ ಪರೀಕ್ಷೆಯೊಂದನ್ನು ಮಾಡಿ, "ನಿಮ್ಮ ರಕ್ತದಲ್ಲಿ ಜಾಂಡೀಸ್ ವೈರಸ್ ಇದೆ, ಇನ್ಮೇಲೆ ಕೊಡಬೇಡಿ" ಎಂದರು. ಬೆಟ್ಟಯ್ಯ ಮನೆಗೆ ಬಂದವನೇ ತನ್ನ ಉಚ್ಚೆಯಲ್ಲಿ ಅಕ್ಕಿ ನೆನೆಹಾಕಿದ. ಜಾಂಡೀಸ್ ಇದ್ದರೆ ಅಕ್ಕಿ ಹಳದಿಯಾಗುತ್ತದೆಂದು ಅವರ ಬೀದಿಗೆಲ್ಲ ಗೊತ್ತು. ಅದು ಬೆಳ್ಳಗೇ ಉಳಿಯಿತು. ಪೊಟ್ಟಣ ಕಟ್ಟಿ ಒಯ್ದು ಡಾಕ್ಟರ ಮೇಜಿನ ಮೇಲೇ ಬಿಚ್ಚಿದ: "ನೋಡಿ ಸಾರ್, ಮಲ್ಲಿಗೆ ಇದ್ದಂಗೈತೆ." ಡಾಕ್ಟರು ಮೂಗು ಮುಚ್ಚಿಕೊಂಡು, "ನಿಮಗೇನೂ ಆಗಿಲ್ಲ ಬೆಟ್ಟಯ್ಯ. ನಿಮ್ಮ ರಕ್ತ ತಗೊಂಡವ್ರಿಗೆ ಆಗ್ಬಹುದು" ಎಂದರು. "ನಂಗೇ ಬರ್ದಿರೋ ಕಾಯ್ಲೆನ ನಾನ್ ಹೆಂಗ್ ಸಾರ್ ಕೊಡ್ಲಿ?" ಡಾಕ್ಟರ ಮಾತು ಇನ್ನೂ ಅವನ ತಲೆಗೆ ಹತ್ತಿಲ್ಲ. ಆದರೂ ಭಾನುವಾರ ಬಂದರೆ ತನ್ನ ರಕ್ತ ಪಡೆದವರ ಮನೆಗಳಿಗೆ ಹೋಗಿ, ಕಾರಣ ಹೇಳದೆ, ಬಿಸಿಲಿಗೆ ಕರೆದು ಅವರ ಕಣ್ಣು ನೋಡುತ್ತಾನೆ. ಮೊನ್ನೆ ವಿಜಯನಗರದಲ್ಲಿ ಗಂಗಾಧರಯ್ಯ ಬಾಗಿಲು ತೆರೆದ. ಹೋದ ಮುಷ್ಕರದಲ್ಲಿ ತಲೆಯೊಡೆದು, ಇವನ ರಕ್ತದಿಂದ ಬದುಕಿದವನು. ಕಣ್ಣೆರಡೂ ಅರಿಶಿನ. ಬೆಟ್ಟಯ್ಯ ಹೊಸಿಲು ದಾಟಲು ಕಾಲೆತ್ತಿದ. ಗಂಗಾಧರಯ್ಯ ಹಿಂದೆ ಸರಿದು ಕೈ ಅಡ್ಡ ಹಿಡಿದ: "ಅಲ್ಲೇ ನಿಂತ್ಕೊಳಯ್ಯ, ನಂಗೆ ಜಾಂಡೀಸು. ನಿಂಗೆ ಅಂಟ್ಕೊಂಡ್ರೆ ನಮ್ಮೋರಿಗೆಲ್ಲ ರಕ್ತ ಕೊಡೋರ್ಯಾರು?"