ಠಾಣೆಯ ಮೆಟ್ಟಿಲ ಹಗ್ಗ

ಠಾಣೆ ಊರಿನ ರೈಲು ಸ್ಟೇಷನ್ ಹತ್ತಿರದ ಈ ಮರದ ಬಾಲ್ಕನಿಯ ಕಟ್ಟಡ ಪಾರಂಪರಿಕ ಪಟ್ಟಿಗೆ ಸೇರಿದೆ. ಕೆಳಗೆ ಉಡುಪಿಯ ಶೆಟ್ಟರ ಹೋಟೆಲು, ಮೇಲೆ ಅವರ ಮನೆ. ಮೆಟ್ಟಿಲು ಏಣಿಯಷ್ಟು ಕಡಿದು. ಮೇಲಿನ ತೊಲೆಯಿಂದ ಇಳಿಬಿಟ್ಟ ನೈಲಾನ್ ಹಗ್ಗವೇ ಆಸರೆ. ನಾನು ಚಹಾ ಕುಡಿಯುತ್ತಿದ್ದಾಗ ಪರಿಶೀಲನೆಗೆ ಬಂದ ಮರಾಠಿ ವಾಸ್ತುಶಿಲ್ಪಿ, ಪಾರಂಪರಿಕ ಕಟ್ಟಡದಲ್ಲಿ ನೈಲಾನ್ ನಡೆಯುವುದಿಲ್ಲ, ಆ ಹಗ್ಗ ತೆಗೆಯಿರಿ ಎಂದರು.

ಶೆಟ್ಟರ ಹೆಂಡತಿ ಗಿರಿಜಕ್ಕನಿಗೆ ಮಂಡಿನೋವು. ಮೇಲಿನಿಂದಲೇ ಗಂಡನಿಗೆ ಕೂಗಿದರು: "ಹಗ್ಗ ತೆಗೆದ್ರೆ ನಾನು ಮೇಲೆಯೇ ಬಾಕಿ ಮಾರಾಯ್ರೆ! ಬೆಳಿಗ್ಗೆ ಚಟ್ನಿಯ ಉಪ್ಪು ನೋಡುವುದು ಯಾರು?"

"ಚಟ್ನಿಯನ್ನೇ ಮೇಲೆ ಕಳಿಸ್ತೇನೆ." ಶೆಟ್ಟರು ನಕ್ಕರು.

"ಕಳಿಸಿ. ಮತ್ತೆ ನಾನು ನಾಲ್ಕು ಜನರ ಮುಖ ನೋಡುವುದು ಯಾವಾಗ?"

ಶೆಟ್ಟರು ನಗು ನಿಲ್ಲಿಸಿ ಅದನ್ನು ಮರಾಠಿಯಲ್ಲಿ ಹೇಳಿದರು. ವಾಸ್ತುಶಿಲ್ಪಿ ಫೋಟೊ ತೆಗೆಯಲು ಮೇಲೆ ಹೋದರು. ಇಳಿಯುವಾಗ ಎರಡೂ ಕೈಯಲ್ಲಿ ಅದೇ ಹಗ್ಗ ಹಿಡಿದಿದ್ದರು. ಕೆಳಗೆ ಬಂದು, ಹಿಂದಿನ ಕಾಲದ ಹಾಗೆ ತೆಂಗಿನ ನಾರಿನ ಹಗ್ಗ ಕಟ್ಟಿಕೊಳ್ಳಿ ಎಂದರು.

ಮಧ್ಯಾಹ್ನವೇ ಶೆಟ್ಟರು ಹೊಸ ಹಗ್ಗ ಕಟ್ಟಿದರು. ನಾರು ಚುಚ್ಚುತ್ತದೆಂದು ಹೆಂಡತಿಯ ಅಂಗೈ ಬೀಳುವ ಕಡೆಯೆಲ್ಲ ಹತ್ತಿಸೀರೆಯ ತುಂಡು ಸುತ್ತತೊಡಗಿದರು.

"ಅಯ್ಯೋ, ಅದು ನನ್ನ ಒಳ್ಳೆ ಸೀರೆ!" ಗಿರಿಜಕ್ಕ ಮೇಲಿನಿಂದ ಬೈದರು.

ಶೆಟ್ಟರು ಇನ್ನೊಂದು ಸುತ್ತು ಬಿಗಿದರು.